ಅಣ್ಣನ ಸಿಟ್ಟಿನ ನ್ಯಾಯ

ಹೆಂಡತಿ ಮಕ್ಕಳನ್ನು ಬಿಟ್ಟುಹೋಗಿ ಇಪ್ಪತ್ತು ವರ್ಷವಾದ ಮೇಲೆ ಅಪ್ಪ ಒಂದು ರಾತ್ರಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮೈ ಸೋತಿದೆ, ಕೈಯಲ್ಲಿ ಕಾಸಿಲ್ಲ. ಜಪಾನಿನ ಕಿಕುಚಿ ಕಾನ್ 1917ರಲ್ಲಿ ಪ್ರಕಟಿಸಿದ ‘ಚಿಚಿ ಕಾಯೆರು’ ಏಕಾಂಕದ ಕಥೆ ಇಷ್ಟೇ. 1920ರಲ್ಲಿ ಅದು ಟೋಕಿಯೋದ ರಂಗಕ್ಕೆ ಬಂದಾಗ ನೋಡಿದವರು ಅತ್ತರು. ಅವರನ್ನು ಅಳಿಸಿದ್ದು ಅಪ್ಪನ ದೈನ್ಯವೆಂದು ನನಗನಿಸುವುದಿಲ್ಲ.

ನಾಟಕದ ಜೀವ ಒಡಹುಟ್ಟಿದವರ ವಯಸ್ಸಿನ ಅಂತರದಲ್ಲಿದೆ. ಅಣ್ಣ ಕೆನಿಚಿರೋಗೆ ಈಗ 28, ತಮ್ಮ ಶಿಂಜಿರೋಗೆ 23, ತಂಗಿ ಒತಾನೆಗೆ 20. ಅಪ್ಪ ಹೋದಾಗ ತಂಗಿ ಹಸುಗೂಸು. ತಮ್ಮನಿಗೂ ತಂಗಿಗೂ ಬಂದವನು ಬರೀ ಒಬ್ಬ ಬಡ ಮುದುಕ. ಅವನನ್ನು ಅಪ್ಪ ಎಂದು ಕರೆಯಲು ಅವರಿಗೆ ಅಡ್ಡಿಯಿಲ್ಲ. ಅಣ್ಣನಿಗೆ ಎಲ್ಲವೂ ನೆನಪಿದೆ. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಕಡಲಿಗೆ ಹಾರಿದ್ದು, ಅಲ್ಲಿ ನೀರು ಆಳವಿಲ್ಲದೆ ಬದುಕುಳಿದದ್ದು, ಹತ್ತನೇ ವಯಸ್ಸಿಗೇ ತಾನು ಸರ್ಕಾರಿ ಕಚೇರಿಯಲ್ಲಿ ಜವಾನನಾದದ್ದು, ಬೆಂಕಿಪೊಟ್ಟಣ ಅಂಟಿಸುವ ಕೆಲಸ ಅಮ್ಮನಿಗೆ ಸಿಗದ ತಿಂಗಳಲ್ಲಿ ಮಧ್ಯಾಹ್ನದ ಊಟ ಬಿಟ್ಟದ್ದು. ತಮ್ಮ ತಂಗಿಯರನ್ನು ಸಾಕಿದವನು ತಾನು ಎನ್ನುವಾಗ ಅವನ ಮಾತಿನಲ್ಲಿ ಜಂಬವಿಲ್ಲ, ನಿಜವಿದೆ. ಅಪ್ಪನ ಬಟ್ಟಲಿಗೆ ಮದ್ಯ ಸುರಿಯಲು ಹೋದ ತಮ್ಮನನ್ನು ಅವನು ತಡೆಯುತ್ತಾನಲ್ಲ, ಅದು ಸರಿ. ಕಲ್ಲೆದೆಯ ಮಗ ಎಂದು ಅವನನ್ನು ಜರೆಯುವವರು ಆ ಮನೆಯ ಹಸಿವನ್ನು ಮರೆತಿದ್ದಾರೆ.

ಕಿಕುಚಿ ಸೋತಿರುವುದು ತಾಯಿಯ ಪಾತ್ರದಲ್ಲಿ. ಸಾಯಲು ಹೊರಟಿದ್ದ ಹೆಣ್ಣು ಅವಳು, ಆದರೆ ನಾಟಕ ಅವಳಿಗೆ ಕೊಟ್ಟದ್ದು ಕಣ್ಣೀರು ಮತ್ತು ಸ್ವಾಗತ ಮಾತ್ರ. ಅವಳ ಸಿಟ್ಟನ್ನೂ ಮಗನೇ ಆಡಬೇಕಾಗಿದೆ. ಮದುವೆಯ ಮಾತುಕತೆಯಲ್ಲಿರುವ ತಂಗಿಗೂ ಬೇಡಿಕೊಳ್ಳುವುದರಾಚೆ ಹೆಚ್ಚೇನಿಲ್ಲ.

ಕೊನೆ ಮಾತ್ರ ಅಸಾಧಾರಣ. ಅಪ್ಪ ಹೊರಟುಹೋಗುತ್ತಾನೆ. ತಾಯಿ ತಂಗಿಯರ ಗೋಳಿನ ನಡುವೆ ಅಣ್ಣನೇ ತಮ್ಮನಿಗೆ ಹೇಳುತ್ತಾನೆ, ಕರೆದುಕೊಂಡು ಬಾ ಎಂದು. ತಮ್ಮ ಬರಿಗೈಲಿ ಬಂದಾಗ ಇಬ್ಬರೂ ಹುಚ್ಚರಂತೆ ಹೊರಗೋಡುತ್ತಾರೆ, ತೆರೆ ಬೀಳುತ್ತದೆ. ಮನಸ್ಸು ಯಾಕೆ ತಿರುಗಿತೆಂದು ಒಂದು ಮಾತಿಲ್ಲ. ಇದನ್ನು ರಕ್ತಸಂಬಂಧದ ಗೆಲುವೆಂದು ಓದುವುದು ಸುಲಭ, ನಾನು ಒಪ್ಪುವುದಿಲ್ಲ. ಅವನು ಹೇಳಿದ ಒಂದು ಮಾತನ್ನೂ ಹಿಂದಕ್ಕೆ ಪಡೆದಿಲ್ಲ. ಕ್ಷಮಿಸದೆಯೂ ಒಬ್ಬನನ್ನು ಬೀದಿಯಲ್ಲಿ ಬಿಡಲಾಗದ ಸಂಕಟ ಅದು.

ಒಂದೇ ಕೋಣೆ, ಐದೇ ಪಾತ್ರಗಳ ಈ ನಾಟಕ ನಮ್ಮ ಹವ್ಯಾಸಿ ತಂಡಗಳ ಕೈಗೆಟುಕುವಂಥದ್ದು. ಆಡುವವರಲ್ಲಿ ಒಂದೇ ವಿನಂತಿ: ಅಪ್ಪನ ಮೇಲೆ ಕನಿಕರ ಬರಿಸುವ ಆತುರದಲ್ಲಿ ಅಣ್ಣನನ್ನು ಖಳನನ್ನಾಗಿ ಮಾಡಬೇಡಿ.