ಗೆರೆಯಾಚೆ ನಿಲ್ಲುವವನು ಯಾರಾಗಬೇಕು?

ಭಾರತದ ಫುಟ್‌ಬಾಲ್ ತಂಡ ಸೋತರೆ, ಕೊನೆಯ ಸೀಟಿ ಊದಿದ ಅರ್ಧ ಗಂಟೆಯೊಳಗೆ ಹೊಸ ಕೋಚ್ ನೇಮಕ ಆಗಿಹೋಗಿರುತ್ತದೆ. ಮಾಡುವವರು ನಾವೇ, ಕಂಠೀರವದ ಗ್ಯಾಲರಿ ಇಳಿದು ಗೇಟಿನಾಚೆ ಚಹಾ ಹಿಡಿದು ನಿಂತವರು. ಒಪ್ಪಂದ ಎಷ್ಟು ವರ್ಷಕ್ಕೆ, ಸಹಾಯಕ ಯಾರು ಎಂಬುದೂ ಅಲ್ಲೇ ಇತ್ಯರ್ಥ. ಕ್ರಿಕೆಟ್ ಹುಚ್ಚಿನವರು ಹನ್ನೊಂದು ಜನರನ್ನು ಆರಿಸಿ ಸುಸ್ತಾಗುತ್ತಾರೆ. ನಮಗೆ ಗೆರೆಯಾಚೆ ನಿಲ್ಲುವ ಆ ಒಬ್ಬ ಸಿಕ್ಕರೆ ಸಾಕು.

ಈ ಜಗಳಕ್ಕೆ 2025ರ ಜುಲೈನಷ್ಟು ಸೊಗಸಾದ ಕಾಲ ಇನ್ನೊಂದು ಬಂದಿರಲಿಲ್ಲ. ಎಂಟು ಪಂದ್ಯ ಆಡಿಸಿ ಒಂದನ್ನಷ್ಟೇ ಗೆದ್ದ ಮನೋಲೊ ಮಾರ್ಕೆಜ್ ಜಾಗ ಖಾಲಿ ಮಾಡಿದ್ದರು. ಫೆಡರೇಷನ್ ಅರ್ಜಿ ಕರೆಯಿತು, 170 ಬಂದವು. ಅದರಲ್ಲಿ ಬಾರ್ಸಿಲೋನಾದ ಚಾವಿಯ ಹೆಸರೂ ಇದೆ ಎಂಬ ಸುದ್ದಿ ಹೊರಬಿದ್ದ ದಿನ ಅಭಿಮಾನಿಗಳ ಸಂಭ್ರಮ ಹೇಳತೀರದು. ಅಷ್ಟು ಸಂಬಳ ಕೊಡಲಾಗದು ಎಂದು ಕೆಲವರು ಮರುಗಿದರು, ಚಂದಾ ಎತ್ತೋಣ ಎಂದು ಕೆಲವರು ಹೊರಟರು. ಮರುದಿನವೇ ಫೆಡರೇಷನ್ ಆ ಇಮೇಲ್ ಅಸಲಿಯಲ್ಲ ಎಂದು ಹೇಳಬೇಕಾಯಿತು. ಕೊನೆಗೆ ಉಳಿದದ್ದು ಮೂರು ಹೆಸರು: ಹಿಂದೆ ಎರಡು ಸಲ ಈ ಕುರ್ಚಿಯಲ್ಲಿ ಕೂತೆದ್ದ ಸ್ಟೀಫನ್ ಕಾನ್‌ಸ್ಟಂಟೈನ್, ಸ್ಲೊವಾಕಿಯಾವನ್ನು ಯೂರೋ ಟೂರ್ನಿಯಲ್ಲಿ ಆಡಿಸಿದ್ದ ಸ್ಟೆಫಾನ್ ತಾರ್ಕೊವಿಚ್, ನಮ್ಮ ಖಾಲಿದ್ ಜಮೀಲ್.

ಅಲ್ಲಿಂದ ವಾದ ಎರಡು ಪಕ್ಷವಾಯಿತು, ಸ್ವದೇಶಿ ಮತ್ತು ವಿದೇಶಿ. ವಿದೇಶಿ ಪಕ್ಷದವರ ಕೈಯಲ್ಲಿ ಪುರಾವೆಗೇನೂ ಕೊರತೆಯಿರಲಿಲ್ಲ. 1979ರಲ್ಲಿ ಸ್ವೀಡನ್ನಿನ ಮಾಲ್ಮೋ ಕ್ಲಬ್ಬನ್ನು ಯುರೋಪಿಯನ್ ಕಪ್ ಫೈನಲ್‌ವರೆಗೆ ಒಯ್ದಿದ್ದ ಬಾಬ್ ಹೌಟನ್ ಬಂದ ಮೇಲೆಯೇ ನಾವು 2011ರ ಏಷ್ಯನ್ ಕಪ್ ಆಡಿದ್ದು. 2015ರ ಆರಂಭದಲ್ಲಿ 170ರ ಆಚೆ ಬಿದ್ದಿದ್ದ ನಮ್ಮ ರ‍್ಯಾಂಕಿಂಗನ್ನು ಕಾನ್‌ಸ್ಟಂಟೈನ್ 2017ರ ಹೊತ್ತಿಗೆ ನೂರರೊಳಗೆ ತಂದರು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡನ್ನು 4-1ರಿಂದ ಹೊಡೆದರು. ಅವರ ತಂಡ ಆಡುತ್ತಿದ್ದ ಆಟ ಮಾತ್ರ ನೋಡಲಾಗುತ್ತಿರಲಿಲ್ಲ, ಹಿಂದಿನಿಂದ ಎತ್ತಿ ಒಗೆಯುವುದು, ಮುಂದೆ ಓಡುವುದು. ಆದರೂ ಗೆಲುವು ಗೆಲುವೇ.

ಸ್ವದೇಶಿ ಪಕ್ಷಕ್ಕೆ ಒಂದೇ ಅಸ್ತ್ರ, ಸೈಯದ್ ಅಬ್ದುಲ್ ರಹೀಮ್. ಹೈದರಾಬಾದಿನ ಆ ಮೇಷ್ಟ್ರು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ ತಂದರು, ನಡುವೆ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ. ಇದಿಷ್ಟು ಎಲ್ಲರ ಬಾಯಲ್ಲೂ ಇದೆ, ಈಗಂತೂ ಸಿನಿಮಾವೂ ಬಂದಿದೆ. ಆದರೆ ನನ್ನಂಥವನಿಗೆ ರಹೀಮ್ ದೊಡ್ಡವರಾಗುವುದು 1962ರಲ್ಲಿ ಜಕಾರ್ತಾದಲ್ಲಿ ಮಾಡಿದ ಒಂದು ತೀರ್ಮಾನದಿಂದ. ಲೀಗ್ ಹಂತದಲ್ಲಿ ಡಿಫೆಂಡರ್ ಜರ್ನೇಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡಿದ್ದರು. ಬೇರೆ ಯಾರೇ ಆದರೂ ಅವರನ್ನು ಬೆಂಚಿನಲ್ಲಿ ಕೂರಿಸುತ್ತಿದ್ದರು. ರಹೀಮ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಇಳಿಸಿದರು. ಜರ್ನೇಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ ಫೈನಲ್‌ನಲ್ಲೂ ಹೊಡೆದರು. ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂದಾಗ ಆಟ ಹೂಡುವವನೇ ಆಟಗಾರ. (ಆ ಚಿನ್ನದ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ಇಲ್ಲಿಯ ಹುಡುಗರಿಗೆ ಮೆಸ್ಸಿಯ ಜೆರ್ಸಿ ಸಂಖ್ಯೆ ಗೊತ್ತು, ಈ ಹೆಸರು ಗೊತ್ತಿಲ್ಲ.)

ಹಾಗಾಗಿ ಪಾಸ್‌ಪೋರ್ಟ್ ನೋಡಿ ಕೋಚ್ ಆರಿಸುವ ಜಗಳದಲ್ಲಿ ನನಗೆ ರುಚಿಯಿಲ್ಲ. ರಾಷ್ಟ್ರೀಯ ತಂಡದ ಕೋಚ್ ಕೆಲಸವೇ ಕೆಟ್ಟ ಎಲೆಯ ಕೆಲಸ. ಕ್ಲಬ್ ಕೋಚ್ ಆದರೆ ಸ್ಟ್ರೈಕರ್ ಬೇಕೆಂದಾಗ ಮೊರೊಕ್ಕೊದಿಂದಲೋ ಆಸ್ಟ್ರೇಲಿಯಾದಿಂದಲೋ ಕೊಂಡು ತರುತ್ತಾನೆ. ಭಾರತದ ಕೋಚ್ ಎಲ್ಲಿಂದ ತರಬೇಕು? ಐಎಸ್ಎಲ್‌ನಲ್ಲಿ ಮುಂಚೂಣಿಯ ಜಾಗ ಬಹುಪಾಲು ವಿದೇಶಿಯರದ್ದು. ಅಲ್ಲಿ ವರ್ಷವಿಡೀ ಪಕ್ಕದಲ್ಲಿ ಓಡುವ ನಮ್ಮ ಹುಡುಗ ನೀಲಿ ಅಂಗಿ ತೊಟ್ಟ ದಿನ ದಿಢೀರನೆ ಒಂಬತ್ತನೇ ನಂಬರ್ ಆಗಲು ಸಾಧ್ಯವಿಲ್ಲ. 2024-25ರ ಐಎಸ್ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದವರು ಯಾರು? ನಲವತ್ತರ ಸುನಿಲ್ ಛೆಟ್ರಿ. ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿ ಒಂಬತ್ತು ತಿಂಗಳಾಗಿದ್ದವರನ್ನು ಮಾರ್ಕೆಜ್ ಮತ್ತೆ ಕರೆಸಿದಾಗ ಅಭಿಮಾನಿಗಳು ಕೋಚ್‌ಗೆ ಬೈದರು. ಬೈಗುಳದ ವಿಳಾಸ ತಪ್ಪಿತ್ತು. ಮಾರ್ಕೆಜ್ ಒಂದು ವರ್ಷ ಎಫ್‌ಸಿ ಗೋವಾದ ಕೋಚ್ ಕೂಡ ಆಗಿದ್ದದ್ದು ಮಾತ್ರ ಒಪ್ಪತಕ್ಕದ್ದಾಗಿರಲಿಲ್ಲ. ದೇಶದ ತಂಡ ಅರೆಕಾಲಿಕ ಕೆಲಸ ಅಲ್ಲವಲ್ಲ.

ಖಾಲಿದ್ ಜಮೀಲ್ ಪರ ನಾನು ವಾದಿಸಿದ್ದು ಅವರು ನಮ್ಮವರೆಂದಲ್ಲ, ಐಜಾಲ್ ಕ್ಲಬ್ಬಿನ ಕಾರಣಕ್ಕೆ. ಮುಂಬೈ ಎಫ್‌ಸಿ ಕೈಬಿಟ್ಟ ಕೋಚ್, ಹಿಂದಿನ ಸೀಸನ್‌ನಲ್ಲಿ ಕೆಳಗಿಳಿದು ಹೇಗೋ ಒಳಗೆ ಉಳಿದ ತಂಡ, ಕೈಯಲ್ಲಿ ಕಾಸಿಲ್ಲ. 2016-17ರಲ್ಲಿ ಆ ತಂಡ ಮೋಹನ್ ಬಾಗಾನ್, ಬೆಂಗಳೂರು ಎಫ್‌ಸಿಗಳನ್ನು ಹಿಂದಿಕ್ಕಿ ಐ-ಲೀಗ್ ಗೆದ್ದಿತು. ಮುಂದೆ ಜಮ್ಷೆಡ್‌ಪುರದಲ್ಲಿಯೂ ಸಾಧಾರಣ ತಂಡವನ್ನು ಐಎಸ್ಎಲ್ ಸೆಮಿಫೈನಲ್‌ಗೂ ಸೂಪರ್ ಕಪ್ ಫೈನಲ್‌ಗೂ ಏರಿಸಿದರು. ಆ ಫೈನಲ್‌ನಲ್ಲಿ ಅವರನ್ನು ಮೂರು ಗೋಲುಗಳಿಂದ ಸೋಲಿಸಿದವರು ಇದೇ ಮಾರ್ಕೆಜ್! ಭಾರತಕ್ಕೆ ಒಂದೇ ಒಂದು ಗೆಲುವು ತಂದವರು ಗೋವಾಕ್ಕೆ ಕಪ್ ತಂದರು ಅಂದರೆ ಎರಡು ಕೆಲಸ ಎಷ್ಟು ಬೇರೆ ನೋಡಿ.

ಖಾಲಿದ್ ಆಗಸ್ಟ್ 1ರಂದು ನೇಮಕಗೊಂಡಾಗ ಲೀಗೇ ನಿಂತುಹೋಗಿತ್ತು, ಆಟಗಾರರಿಗೆ ಪಂದ್ಯಗಳಿರಲಿಲ್ಲ. ತಿಂಗಳಾಗುವುದರೊಳಗೆ ಕಾಫಾ ಕಪ್ ಆಡಲು ತಜಿಕಿಸ್ತಾನಕ್ಕೆ ಹೊರಡಬೇಕಾಯಿತು. ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಟ್ಟುಕೊಡಲೇ ಇಲ್ಲ. ಆದರೂ ತಜಿಕಿಸ್ತಾನವನ್ನು ಅವರ ನೆಲದಲ್ಲೇ ಸೋಲಿಸಿ, ಕೊನೆಗೆ ಓಮನ್ ವಿರುದ್ಧ ಉದಾಂತ ಸಿಂಗ್ ಸಮ ಮಾಡಿದ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಕಾಫಾ ಕಪ್‌ನಲ್ಲಿ ಮೂರನೆಯವರಾದೆವು. ಆ ವಾರ ವಿದೇಶಿ ಪಕ್ಷದವರು ಎಲ್ಲೂ ಕಾಣಲಿಲ್ಲ. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಚಾಂಗ್ಟೆ ಮೊದಲ ಗೋಲು ಹೊಡೆದೂ ಸಿಂಗಪುರಕ್ಕೆ 1-2ರಿಂದ ಸೋತು ಏಷ್ಯನ್ ಕಪ್ ದಾರಿ ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು, 22 ವರ್ಷಗಳ ಬಳಿಕ. ವಿದೇಶಿ ಪಕ್ಷದವರೆಲ್ಲ ವಾಪಸಾದರು, ಧ್ವನಿ ಇನ್ನಷ್ಟು ಜೋರಾಗಿತ್ತು.

ಆ ಎರಡು ಸೋಲುಗಳಲ್ಲಿ ಖಾಲಿದ್‌ರ ತಪ್ಪೂ ಇದೆ. ಮಡಗಾಂವ್‌ನಲ್ಲಿ ಮುನ್ನಡೆ ಸಿಕ್ಕ ಮೇಲೆ ತಂಡ ಹಿಂದೆ ಸರಿದು ಸರಿದು ಪೆನಾಲ್ಟಿ ಬಾಕ್ಸ್ ಹತ್ತಿರ ಬೀಡುಬಿಟ್ಟಿತು. ಕಾಸಿಲ್ಲದ ಕ್ಲಬ್‌ಗಳಲ್ಲಿ ಕಲಿತ ಎಚ್ಚರಿಕೆ ಅದು, ತವರಿನಲ್ಲಿ ಗೆಲ್ಲಲೇಬೇಕಾದ ಪಂದ್ಯಕ್ಕೆ ಒಗ್ಗುವುದಿಲ್ಲ. ಟೀಕೆ ಮಾಡುವುದಾದರೆ ಹೀಗೆ, ಮೈದಾನದಲ್ಲಿ ಕಂಡದ್ದನ್ನು ಹಿಡಿದು ಮಾಡಬೇಕು. ‘ಲೋಕಲ್ ಕೋಚ್ ಅಷ್ಟೇ ಗುರೂ’ ಅನ್ನುವುದು ಟೀಕೆಯಲ್ಲ, ಆಕಳಿಕೆ.

ನಮ್ಮ ಗ್ಯಾಲರಿಯ ಮನಸ್ಸು ತಿರುಗುವ ವೇಗಕ್ಕೆ ಮಾರ್ಕೆಜ್‌ಗಿಂತ ಮೊದಲು ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್ ಅವರನ್ನು ನೆನೆಸಿಕೊಳ್ಳಿ. 2023ರ ಸ್ಯಾಫ್ ಟೂರ್ನಿ ಇದೇ ಕಂಠೀರವದಲ್ಲಿ. ಪಾಕಿಸ್ತಾನದ ಆಟಗಾರ ಥ್ರೋ ಇನ್ ಮಾಡಲು ಹೊರಟಾಗ ಚೆಂಡು ಕಸಿದು ಕೆಂಪು ಕಾರ್ಡ್ ತಿಂದರು, ಕೆಲವೇ ದಿನಗಳಲ್ಲಿ ಕುವೈತ್ ವಿರುದ್ಧ ಮತ್ತೊಂದು. ಊರಿಗೆ ಊರೇ ಮೆಚ್ಚಿ ಕುಣಿಯಿತು, ಕಪ್ಪೂ ಬಂತು. ಆರು ತಿಂಗಳಲ್ಲಿ ಏಷ್ಯನ್ ಕಪ್‌ನ ಮೂರೂ ಪಂದ್ಯ ಸೋತು ಒಂದೂ ಗೋಲು ಹೊಡೆಯದೆ ಬಂದಾಗ ಅದೇ ಗ್ಯಾಲರಿಯವರು ಅವರ ಬದಲಿಗೆ ಹೆಸರು ಹುಡುಕುತ್ತಿದ್ದರು.

ಇನ್ನು ಮುಂದಿನ ಪಟ್ಟಿಗೆ ಹೆಸರು ಬೇಕೇ? ಅದೇ 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು, ಅದೂ ರಿಯಾದ್‌ನಲ್ಲಿ, ಐಎಸ್ಎಲ್ ತಾರೆಯರಿಲ್ಲದ ತಂಡ ಕಟ್ಟಿಕೊಂಡು. ಕೋಚ್ ರವಿ ಬಾಬು ರಾಜು. ಅವರನ್ನು ನಾಳೆಯೇ ಭಾರತ ತಂಡಕ್ಕೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಆ ಗೆಲುವಿನ ಪಂದ್ಯಗಳನ್ನು ಎಷ್ಟು ಜನ ನೋಡಿದಿರಿ ಎಂದು ಮಾತ್ರ ಕೇಳುತ್ತಿದ್ದೇನೆ.