‘ಕರುಣಾಳು ಬಾ ಬೆಳಕೆ’: ಪ್ರಾರ್ಥನೆಯೂ ಸಂದೇಹವೂ

ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಪಡೆದಿರುವ ಸ್ಥಾನವು ನಿರ್ವಿವಾದವಾದುದು. ಆ ಸಂಕಲನದಲ್ಲಿ ‘ಕರುಣಾಳು ಬಾ ಬೆಳಕೆ’ ಎಂಬ ಗೀತದಷ್ಟು ಜನರ ಬಾಯಲ್ಲಿ ನೆಲೆನಿಂತದ್ದು ಇನ್ನೊಂದಿರಲಾರದು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಶ್ರೀಯವರ ಈ ಗೀತವು ಅದೇ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಶಾಲಾಸಭೆಗಳಲ್ಲಿ ಪ್ರಾರ್ಥನೆಯಾಗಿ ಕೇಳಿಬರುತ್ತದೆ. ಹಾಡುವವರೆಲ್ಲರಿಗೂ ಇದರ ಮೂಲವು ಕ್ರೈಸ್ತ ಕೀರ್ತನೆಯೆಂಬ ಅರಿವಿರುವುದಿಲ್ಲ; ಅರಿವುಳ್ಳವರು, ಕನ್ನಡಕ್ಕೆ ಬರುವಾಗ ಅದರ ಕ್ರೈಸ್ತತನವು ಕರಗಿ ಹೋಯಿತೆಂದು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೂಲವನ್ನು ರಚಿಸಿದವನು ಜಾನ್ ಹೆನ್ರಿ ನ್ಯೂಮನ್. 1833ರ ಮೇ ತಿಂಗಳಲ್ಲಿ ಸಿಸಿಲಿ ದ್ವೀಪದಲ್ಲಿ ಅವನು ವಿಷಮಜ್ವರಕ್ಕೆ ತುತ್ತಾಗಿ ಸಾವಿನ ಅಂಚಿಗೆ ಹೋಗಿ ಬಂದನು. ಚೇತರಿಸಿಕೊಂಡ ಮೇಲೆ ಪಲೆರ್ಮೊದಿಂದ ಮಾರ್ಸೇಲಿಗೆ ಕಿತ್ತಳೆ ಹಣ್ಣು ಸಾಗಿಸುವ ಹಡಗೊಂದನ್ನು ಹತ್ತಿದನು. ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ದಿನಗಟ್ಟಲೆ ನಿಂತಿತು. ಜೂನ್ 16ರಂದು ಈ ಗೀತವು ಹುಟ್ಟಿತು. ತಾಯ್ನಾಡಿನಲ್ಲಿ ತನಗೊಂದು ಕಾರ್ಯ ಕಾದಿದೆಯೆಂಬ ನಂಬಿಕೆ ಒಂದು ಕಡೆ, ಆ ಕಾರ್ಯ ಯಾವುದೆಂದು ಕಾಣದಿರುವುದು ಇನ್ನೊಂದು ಕಡೆ: ಆ ಹೊತ್ತಿನ ಅವನ ಮನಸ್ಸಿನ ಇಕ್ಕಟ್ಟು ಇದು. ಆಂಗ್ಲಿಕನ್ ಸಭೆಯನ್ನು ಬಿಟ್ಟು ಅವನು ರೋಮನ್ ಕ್ಯಾಥೊಲಿಕನಾದದ್ದು ಆಮೇಲೆ 12 ವರ್ಷಗಳಿಗೆ, 1845ರಲ್ಲಿ. ಆ ದೂರದ ನೋಟವು 1833ರಲ್ಲಿ ಅವನಿಗೆ ಇರಲಿಲ್ಲ. ಇದ್ದಿದ್ದರೆ ಅವನು ಬೆಚ್ಚುತ್ತಿದ್ದನೋ ಏನೋ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೂಲದಲ್ಲಿಯೇ ಕ್ರಿಸ್ತನ ಹೆಸರಿಲ್ಲ. ನ್ಯೂಮನ್ ತನ್ನ ಪದ್ಯಕ್ಕೆ ಕೊಟ್ಟಿದ್ದ ಶೀರ್ಷಿಕೆ ‘ಮೇಘಸ್ತಂಭ’ ಎಂಬರ್ಥದ್ದು. ಇಸ್ರಾಯೇಲ್ಯರನ್ನು ಮರುಭೂಮಿಯಲ್ಲಿ ಹಗಲು ಮೋಡವಾಗಿ, ಇರುಳು ಬೆಂಕಿಯಾಗಿ ನಡೆಸಿದ ದೈವಸಾನ್ನಿಧ್ಯದ ಕಥೆ ಅದು. ಆ ಜನ ನಂಬಿದರು, ಗೊಣಗಿದರು, ಹಿಂದಿರುಗಲು ಹವಣಿಸಿದರು. ಅವರಿಗೆ ದೊರೆತ ಮನ್ನವೆಂಬ ಆಹಾರವಾದರೂ ಆಯಾ ದಿನಕ್ಕೆ ಸಾಲುವಷ್ಟೇ. ಒಂದು ಹೆಜ್ಜೆಯ ಬೇಡಿಕೆಗೆ ಬೇರು ಅಲ್ಲಿದೆ. ಪದ್ಯವು ಕೀರ್ತನೆಯಾಗಿ ಚರ್ಚುಗಳನ್ನು ಸೇರಿದಾಗ ಈ ಶೀರ್ಷಿಕೆ ಹಿಂದೆ ಸರಿಯಿತು. ಹೆಸರಿನ ಅಭಾವ ಇಂಗ್ಲಿಷರಿಗೂ ಇರಿಸುಮುರಿಸಾಗಿ, ಬಿಕರ್‌ಸ್ಟೆತ್ ಎಂಬ ಆಂಗ್ಲಿಕನ್ ಪಾದ್ರಿ ರಕ್ಷಕನನ್ನು ಸ್ಪಷ್ಟವಾಗಿ ಕರೆಯುವ ನಾಲ್ಕನೆಯ ಪದ್ಯವೊಂದನ್ನು ತಾನೇ ಕಟ್ಟಿ ಸೇರಿಸಿದನು. ನ್ಯೂಮನ್ನನಿಗೆ ಅದು ಹಿಡಿಸಲಿಲ್ಲ. ಆದಕಾರಣ ಕ್ರೈಸ್ತತನವನ್ನು ಕಳೆದ ಹೊಣೆಯನ್ನು ಕನ್ನಡದ ಮೇಲೆ ಹೊರಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ.

ಹಾಗಾದರೆ ಶ್ರೀಯವರು ಬದಲಾಯಿಸಿದ್ದೇನು? ಚಿಕ್ಕ ಬದಲಾವಣೆಗಳನ್ನು ಬೇಗ ಹೇಳಿ ಮುಗಿಸಬಹುದು. ಇಂಗ್ಲೆಂಡಿನ ಬೀಳುಬಯಲೂ ಜೌಗುನೆಲವೂ ಹೋಗಿ ಅಡವಿ, ಬೆಟ್ಟ, ಹೊಳೆಗಳು ಬಂದಿವೆ. ಮಧುಗಿರಿಯ ಏಕಶಿಲಾ ಬೆಟ್ಟದ ನೆರಳಿನಲ್ಲಿ ಓದುವ ವಿದ್ಯಾರ್ಥಿಗೆ ಬೆಟ್ಟವೆಂದರೇನೆಂದು ಹೇಳಬೇಕಾಗಿಲ್ಲ. ಹೊಳೆಯೆಂದರೆ ಮಾತ್ರ ಅವನು ಮಳೆಗಾಲದ ಜಯಮಂಗಲಿಯನ್ನು ನೆನೆಯಬೇಕು. ಮೂಲದಲ್ಲಿ ‘ನಡೆಸು’ ಎಂದಷ್ಟೇ ಇರುವಲ್ಲಿ ಕನ್ನಡದಲ್ಲಿ ಕೈಹಿಡಿಯುವ ಮಾತು ಕೂಡಿದೆ. ದೂರದ ಬೆಳಕು ಹತ್ತಿರದ ಬಂಧುವಾಗಿದೆ.

ಹಿರಿದಾದ ಬದಲಾವಣೆ ಇರುವುದು ಮೂರನೆಯ ಪದ್ಯದಲ್ಲಿ. ಇಷ್ಟು ಕಾಲ ಕಾಪಾಡಿದ ಶಕ್ತಿ ಮುಂದೆಯೂ ನಡೆಸುವುದು ಖಂಡಿತ ಎಂದು ನ್ಯೂಮನ್ ನಿಶ್ಚಯವಾಗಿ ನುಡಿಯುತ್ತಾನೆ. ಶ್ರೀಯವರು ಅದನ್ನು ಪ್ರಶ್ನೆಯಾಗಿಸಿದ್ದಾರೆ. ಮುಂದೆಯೂ ನಡೆಸುವುದಿಲ್ಲವೆ ಎಂಬ ಧಾಟಿ ಅಲ್ಲಿಯದು. ಬೆಳಗಿನಲ್ಲಿ ನಗುವ ದೇವದೂತರ ಮುಖಗಳು ಸಹ ಕನ್ನಡದಲ್ಲಿ ದಿವ್ಯವಾದೊಂದು ಮುಖವಾಗಿ, ಅದೂ ಪ್ರಶ್ನೆಯ ರೂಪದಲ್ಲಿಯೇ ಬಂದಿದೆ. ಇದು ಛಂದಸ್ಸಿನ ಅನುಕೂಲಕ್ಕಾಗಿ ಮಾಡಿದ ಮಾರ್ಪಾಡೆಂದು ತಳ್ಳಿಹಾಕಬಹುದು. ನಮಗೆ ಹಾಗೆ ತೋರುವುದಿಲ್ಲ. ಈ ಬಗೆಯ ಪ್ರಶ್ನೆ ಕನ್ನಡದಲ್ಲಿ ಎರಡಂಚಿನದು: ನಡೆಸಿಯೇ ನಡೆಸುವೆ ಎಂಬ ಭರವಸೆಯೂ ಅದರಲ್ಲಿದೆ, ಒಂದು ವೇಳೆ ನಡೆಸದಿದ್ದರೆ ಎಂಬ ಅಳುಕೂ ಇದೆ. ಸಂದೇಹವು ಪ್ರಾರ್ಥನೆಯ ಹೊರಗೆ ನಿಲ್ಲದೆ ಅದರ ಒಳಗೇ ಬಂದು ಕುಳಿತಿದೆ. ನ್ಯೂಮನ್ನನು 1864ರ ತನ್ನ ಆತ್ಮಕಥೆಯಲ್ಲಿ ತೊಡಕು ಬೇರೆ, ಸಂದೇಹ ಬೇರೆ, ತೊಡಕುಗಳು ಎಷ್ಟಾದರೂ ಕೂಡಿ ಸಂದೇಹವಾಗಲಾರವು ಎಂಬ ಅಭಿಪ್ರಾಯವನ್ನು ಮಂಡಿಸಿದನು. ಆ ಭೇದವು ದೇವತಾಶಾಸ್ತ್ರಜ್ಞನಿಗೆ ಸುಲಭ; ಕತ್ತಲೆಯಲ್ಲಿ ನಡೆಯುವವನಿಗೆ ಅಷ್ಟು ಸುಲಭವಲ್ಲ. ಈ ಒಂದು ಅಂಶದಲ್ಲಿ ಅನುವಾದವು ಮೂಲಕ್ಕಿಂತ ಪ್ರಾಮಾಣಿಕವಾಗಿದೆಯೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಇದು ಬರಿಯ ಪಾಠಾಂತರದ ಚರ್ಚೆಯಲ್ಲ. ನಮ್ಮ ಈ ನಾಲ್ಕು ತಾಲ್ಲೂಕುಗಳು ಬರವನ್ನು ಬಲ್ಲ ನಾಡು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಕ್ಷಾಮವನ್ನು ದಾಟಿ 1881ಕ್ಕೆ ಸುಮಾರು 41.8 ಲಕ್ಷಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಗುಡಿ, ಮಸೀದಿ, ಚರ್ಚುಗಳಲ್ಲಿ ಮಳೆಗಾಗಿ ಮೊರೆಯಿಟ್ಟವರ ನಂಬಿಕೆ ಕಡಮೆಯಾಗಿತ್ತೆಂದು ಯಾರು ಹೇಳಬಲ್ಲರು? ಬೇಡಿದ್ದು ದೊರೆಯುವುದೇ ಪ್ರಾರ್ಥನೆಯ ಪ್ರಯೋಜನವಾದರೆ ಅಂಥ ವರ್ಷಗಳು ಪ್ರಾರ್ಥನೆಯನ್ನೇ ಅಳಿಸಿಹಾಕಬೇಕಾಗಿತ್ತು. ಅಳಿಸಲಿಲ್ಲ. ಕ್ರೈಸ್ತ ಸಂಪ್ರದಾಯದಲ್ಲಿ ಇದಕ್ಕೆ ದೊರೆಯುವ ನಿದರ್ಶನ ಗೆತ್ಸೇಮನೆ ತೋಟದ್ದು. ಅಲ್ಲಿ ಯೇಸು ಕೇಳಿದ್ದು ದೊರೆಯಲಿಲ್ಲ. ಕೇಳಿದವನಿಗೆ ಎದ್ದು ನಡೆಯುವ ಬಲವಷ್ಟೇ ದೊರೆಯಿತು. ನ್ಯೂಮನ್ನನ ಗೀತವು ಬೇಡುವುದೂ ಫಲವನ್ನಲ್ಲ, ಹೆಜ್ಜೆಯನ್ನು. ಆದರೆ ಹಸಿದವನ ಮುಂದೆ ಈ ತತ್ತ್ವವನ್ನು ಉಪದೇಶಿಸಲು ಹೊರಟರೆ ಅದು ಕ್ರೌರ್ಯವಾದೀತು. ಹಸಿದವನು ತಾನಾಗಿ ಹಾಡಿಕೊಂಡರೆ ಮಾತು ಬೇರೆ.

ಸಮಯಾಭಾವದಿಂದ ಸಭೆಗಳಲ್ಲಿ ಮೊದಲ ಪದ್ಯವನ್ನಷ್ಟೇ ಹಾಡಿ ಮುಗಿಸುವ ರೂಢಿಯುಂಟು. ಹಾಗೆ ಮಾಡಿದಾಗ ಹಳೆಯ ಗರ್ವವನ್ನು ಒಪ್ಪಿಕೊಳ್ಳುವ ಎರಡನೆಯ ಪದ್ಯವೂ, ಪ್ರಶ್ನೆಯ ಮೂರನೆಯ ಪದ್ಯವೂ ಬಿಟ್ಟುಹೋಗಿ, ಸಭಾಮರ್ಯಾದೆಗೆ ಒಪ್ಪುವ ಬಿನ್ನಹವೊಂದೇ ಉಳಿಯುತ್ತದೆ. ಕನ್ನಡ ತರಗತಿಗಳಲ್ಲಿಯಾದರೂ ಮೂರು ಪದ್ಯಗಳನ್ನೂ ಇಂಗ್ಲಿಷ್ ಮೂಲದ ಪಕ್ಕದಲ್ಲಿಟ್ಟು ಓದಿಸಬೇಕು. ನಿಶ್ಚಯವು ಪ್ರಶ್ನೆಯಾದ ಆ ಎಡೆಯಲ್ಲಿ ಅಧ್ಯಾಪಕರು ತಾವು ಏನೂ ಹೇಳದೆ ಸ್ವಲ್ಪ ಹೊತ್ತು ನಿಂತು, ವಿದ್ಯಾರ್ಥಿಗಳು ಏನು ಹೇಳುವರೆಂದು ಕೇಳಬೇಕು.