ತುರು ಮರಳಿದವು, ಆಳು ಮರಳಲಿಲ್ಲ

ಕೆರೆ ಏರಿ, ಗುಡಿಯ ಹಿಂಬದಿ, ಹೊಲದ ಬದು: ಕನ್ನಡನಾಡಿನಲ್ಲಿ ವೀರಗಲ್ಲು ಕಣ್ಣಿಗೆ ಬೀಳದ ಸೀಮೆ ಅಪರೂಪ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಶಿಲ್ಪದ ದೃಷ್ಟಿಯಿಂದ ಇವುಗಳಲ್ಲಿ ಹೆಚ್ಚಿನವು ಸಾಧಾರಣವೇ. ಆದರೆ ಒಂದು ಸಮಾಜ ಸಾವನ್ನು ಹೇಗೆ ತೂಗಿತು ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಆ ತೂಕ ಎಲ್ಲೆಲ್ಲೂ ಸರಿಯಾಗಿತ್ತೇ ಎಂದು ಕೇಳುವ ಧೈರ್ಯವನ್ನು ನಮ್ಮ ಅಭಿಮಾನ ನಮಗೆ ಕೊಟ್ಟಿಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನೇ ನೋಡಿ. ಆನೆ, ಕುದುರೆ, ಕಾಲಾಳುಗಳ ದಟ್ಟಣೆ. ಗಂಗ ಎರೆಯಪ್ಪನ ಅಪ್ಪಣೆಯಂತೆ ವೀರಮಹೇಂದ್ರನ ಮೇಲೆ ಹೋದ ನಾಗತ್ತರ ಕಾದಿ ಮಡಿದ. ಅವನ ಪಟ್ಟವೂ ಬೆಂಪೂರು ಹನ್ನೆರಡರ ಊರುಗಳೂ ಇರುಗನಿಗೆ ಸಂದವು. ಇದು ಸೈನಿಕನ ಸಾವು. ಉಂಡ ಅನ್ನಕ್ಕೆ, ಕೊಟ್ಟ ಮಾತಿಗೆ ಮೊದಲೇ ಒತ್ತೆಯಿಟ್ಟ ಜೀವ. ಅಪಾಯ ಯಾವಾಗ ಬರುತ್ತದೆಂಬುದಷ್ಟೇ ಅವನಿಗೆ ತಿಳಿಯದು; ಬಂದಾಗ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ತುರುಗೋಳಿನ ಕಲ್ಲುಗಳ ಕಥೆ ಬೇರೆ. ದನ ಹೊಡೆದುಕೊಂಡು ಹೋಗುವವರು ಊರಿಗೆ ನುಗ್ಗಿದಾಗ ಕೈಗೆ ಸಿಕ್ಕಿದ ಆಯುಧ ಹಿಡಿದು ಓಡಿದವರಲ್ಲಿ ಒಕ್ಕಲು ಮಕ್ಕಳೂ ಇದ್ದರು. ಯಾವ ಒಡೆಯನಿಗೂ ಅವರು ಜೀವದ ಮಾತು ಕೊಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರೆ ಕೇಳುವವರೂ ಇರಲಿಲ್ಲ. ಅಪಾಯ ಹಟ್ಟಿಗೆ ಬಂತು, ಆ ಗಳಿಗೆಯಲ್ಲೇ ನಿರ್ಧಾರವಾಯಿತು. ವೀರಗಲ್ಲಿನ ದೊಡ್ಡತನ ಇಲ್ಲಿದೆ: ದಂಡನಾಯಕನಿಗೂ ದನಗಾಹಿಗೂ ಅದು ಒಂದೇ ಸ್ವರ್ಗ ಕೊಟ್ಟಿತು. ಇಂಥ ಅನೇಕ ಶಾಸನಗಳ ವಾಕ್ಯಕ್ರಮವೂ ಮೆಚ್ಚುವಂಥದು: ಮೊದಲು ತುರುಗಳನ್ನು ಮರಳಿಸಿದ ಮಾತು, ಆಮೇಲೆ ಸತ್ತ ಮಾತು. ಕೆಲಸ ಮುಂದೆ, ಸಾವು ಹಿಂದೆ. ಹಿಂದೆ ಉಳಿದವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವ ಪದ್ಧತಿಯೂ ಇತ್ತು. ಹೊಗಳಿಕೆ ಹೊಟ್ಟೆ ತುಂಬಿಸದು ಎಂಬ ಅರಿವು ಆ ಕಾಲಕ್ಕಿತ್ತು.

ಕೆಲಸ ಮುಂದೆ, ಸಾವು ಹಿಂದೆ ಎಂಬ ಈ ಕ್ರಮ ತಲೆಕೆಳಗಾದಾಗ ಏನಾಗುತ್ತದೆಂದು ಹಳೇಬೀಡು ತೋರಿಸುತ್ತದೆ. ಹೊಯ್ಸಳೇಶ್ವರ ಗುಡಿಯ ಆವರಣದ ಗರುಡಗಂಬದಲ್ಲಿ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ, ಗರುಡರೆಂಬ ವೀರರಿದ್ದಾರೆ. ಹೊಯ್ಸಳ ಅರಸ ಇಮ್ಮಡಿ ಬಲ್ಲಾಳನ ಬೆನ್ನಿಗೆ ಪ್ರಾಣ ಬಿಟ್ಟ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಆಳುಗಳ ನೆನಪಿದು. ಅಲ್ಲಿ ಹಗೆಯಿಲ್ಲ, ಕಾಯಬೇಕಾದ ಊರಿಲ್ಲ, ಮರಳಿಸಬೇಕಾದ ದನವಿಲ್ಲ. ಕರ್ತವ್ಯ ಕೆಲಸದಿಂದ ಕಳಚಿಕೊಂಡು ಒಬ್ಬ ವ್ಯಕ್ತಿಗೆ ಅಂಟಿಕೊಂಡಿದೆ. ಅವರ ನಿಷ್ಠೆಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಅರಸ ಸತ್ತ ಹೊತ್ತಿನಲ್ಲೇ ಪಳಗಿದ ದಂಡನಾಯಕನನ್ನೂ ಕಳೆದುಕೊಂಡ ನಾಡಿಗೆ ಆ ನಿಷ್ಠೆಯಿಂದ ದಕ್ಕಿದ್ದೇನು? ಇದನ್ನು ತುರುಗೋಳಿನ ಸಾವಿನ ಸಾಲಿನಲ್ಲೇ ನಿಲ್ಲಿಸಿ ಕೊಂಡಾಡುವುದು ವಿಮರ್ಶೆಯಲ್ಲ, ಬರಿಯ ಭಕ್ತಿ.

ವೀರಗಲ್ಲಿನಂತೆಯೇ ಸೈನಿಕ, ನಾಗರಿಕ ಎಂಬ ಭೇದವಿಲ್ಲದೆ ಕೊಡುವ ಇಂದಿನ ಗೌರವವೆಂದರೆ ಅಶೋಕ ಚಕ್ರ. 1986ರಲ್ಲಿ ಕರಾಚಿಯಲ್ಲಿ ವಿಮಾನ ಅಪಹರಣವಾದಾಗ ಪ್ರಯಾಣಿಕರನ್ನು ಹೊರಗೆ ದಾಟಿಸುತ್ತ ಗುಂಡಿಗೆ ಬಲಿಯಾದ ಗಗನಸಖಿ ನೀರಜಾ ಭನೋಟ್‌ಗೆ ಅದು ಸಂದಿತು. 2008ರ ಮುಂಬಯಿ ದಾಳಿಯಲ್ಲಿ ಮಡಿದ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ, ದಾಳಿಕೋರ ಕಸಬನ ಬಂದೂಕಿನ ನಳಿಗೆಯನ್ನೇ ಹಿಡಿದು ನಿಂತ ಪೊಲೀಸ್ ತುಕಾರಾಮ್ ಓಂಬ್ಳೆ ಅವರಿಗೂ 2009ರಲ್ಲಿ ಸಂದಿತು. ಮೂವರ ಸಾವಿಗೂ ಒಂದೊಂದು ಕೆಲಸದ ನಂಟಿದೆ: ಅನೇಕ ಪ್ರಯಾಣಿಕರು ಪಾರಾದರು, ಗಾಯಗೊಂಡ ಸಹಯೋಧ ಸುರಕ್ಷಿತವಾಗಿ ಹೊರಬಂದ, ಹಂತಕ ಜೀವಂತ ಸಿಕ್ಕಿದ. ಇವರು ತುರುಗೋಳಿನ ವಂಶದವರು, ಗರುಡರ ವಂಶದವರಲ್ಲ.

ಆದರೂ ನಮ್ಮ ಮಾತುಕತೆ ಗರುಡಗಂಬದ ಕಡೆಗೇ ವಾಲುತ್ತದೆ. ಯೋಧ ಸತ್ತರೆ ಅವನು ಅದಕ್ಕೇ ಹುಟ್ಟಿದವನೆಂಬಂತೆ ಫ್ಲೆಕ್ಸು, ಮೆರವಣಿಗೆ. ಮ್ಯಾನ್‌ಹೋಲಿಗೆ ಇಳಿದವನು ಸತ್ತರೆ ಅದು ದುರ್ಘಟನೆ, ಪರಿಹಾರದ ಚೆಕ್ಕು. ನಿಜವಾದ ಸೈನಿಕ ಶಿಕ್ಷಣ ಸಾಯುವುದನ್ನು ಕಲಿಸುವುದಿಲ್ಲ. ಗುರಿ ಮುಟ್ಟುವುದನ್ನು, ಜೊತೆಗಿದ್ದವರನ್ನು ಹಿಂದಕ್ಕೆ ಕರೆತರುವುದನ್ನು ಕಲಿಸುತ್ತದೆ. ಅಪಾಯವನ್ನು ಅಳೆದು ನೋಡುವುದು ಅಲ್ಲಿ ವೃತ್ತಿ. ಸಾವಿನ ಮೋಹ ಹೆಚ್ಚಾಗಿ ಗಡಿಯಿಂದ ದೂರ ಇರುವ ನಮ್ಮದು.

ವೀರಗಲ್ಲಿನ ದೊಡ್ಡ ಕೊರತೆ ಈ ಮೋಹಕ್ಕೇ ಸಂಬಂಧಿಸಿದ್ದು. ದನ ಮರಳಿಸಿ ತಾನೂ ಬದುಕಿ ಬಂದವನಿಗೆ ಅದು ಸಾಮಾನ್ಯವಾಗಿ ಜಾಗ ಕೊಡಲಿಲ್ಲ. ಕೈಕಾಲು ಕಳೆದುಕೊಂಡು ಉಳಿದವನ ಹೆಸರು ಕಲ್ಲಿಗೆ ಏರುವುದೂ ವಿರಳ. ಸಾವೇ ಅರ್ಹತೆಯಾದರೆ ಜಾಣತನಕ್ಕೆ ಬೆಲೆಯಿಲ್ಲ. ಇಂದಿನ ಗೌರವಗಳು ಬದುಕಿ ಉಳಿದವರಿಗೂ ಸಲ್ಲುತ್ತವೆ. ಆ ಮಟ್ಟಿಗೆ ನಾವು ಕಲ್ಲಿಗಿಂತ ಮುಂದೆ ಬಂದಿದ್ದೇವೆ. ಆದರೆ ಯಾವ ಊರಿಗಾಗಿ, ಯಾವ ಕೆಲಸಕ್ಕಾಗಿ ಒಬ್ಬ ಅಪಾಯಕ್ಕೆ ಎದೆಕೊಟ್ಟ ಎಂಬುದನ್ನು ಮೊದಲು ಬರೆಯುವ ಶಿಸ್ತನ್ನು ಮಾತ್ರ ನಾವು ಆ ಒರಟು ಕಲ್ಲುಗಳಿಂದಲೇ ಮತ್ತೆ ಕಲಿಯಬೇಕು.